ಹವಳ ಬಿಳಿಚಿದ ವೈಶಾಖ

ಆ ಪ್ರಯಾಣಕ್ಕೆ ನನಗೆ ತಗುಲಿದ್ದು ಒಂದು ವೈಶಾಖ ಮಾಸ. ಬಸ್ ಚಾರ್ಜು, ಊಟ, ಲಾಡ್ಜು ಇವೆಲ್ಲ ಯಾರಿಗಾದರೂ ಆಗುವ ಖರ್ಚು, ಅದನ್ನು ಇಲ್ಲಿ ಹೇಳುತ್ತಿಲ್ಲ. ತಾಳಿ ಪೋಣಿಸುವವನು ಲಗ್ನದ ತಿಂಗಳಲ್ಲಿ ಅಂಗಡಿಯ ಶಟರ್ ಎಳೆದು ಬೀಗ ಹಾಕುವುದೆಂದರೆ ಏನು ಎಂಬುದು ವ್ಯಾಪಾರ ಮಾಡಿದವರಿಗೆ ಅರ್ಥವಾಗುತ್ತದೆ. ನನ್ನಲ್ಲಿಗೆ ಬರಬೇಕಾಗಿದ್ದ ಮದುವೆ ಮನೆಗಳೆಲ್ಲ ಎದುರು ಸಾಲಿನ ಅಂಗಡಿಗೆ ಹೋದವು. ಒಮ್ಮೆ ಬೇರೆ ಮೆಟ್ಟಿಲು ಹತ್ತಿದ ಮನೆತನ ಮತ್ತೆ ಮರಳುವುದು ಕಷ್ಟ. ಹಿರಿಯ ಮಗಳ ತಾಳಿ ಎಲ್ಲಿ ಪೋಣಿಸಿದರೋ ಕಿರಿಯವಳದ್ದೂ ಅಲ್ಲೇ. ಇದೆಲ್ಲ ಗೊತ್ತಿದ್ದೇ ಬೀಗ ಹಾಕಿದೆ. ಅಕ್ಕನ ಮಗಳಿಗೆ ಒಂದು ಮಾತು ಹೇಳಬೇಕಿತ್ತು. ಅದನ್ನು ಫೋನಿನಲ್ಲಿ ಹೇಳುವುದಿಲ್ಲವೆಂದು ಅಕ್ಕನಿಗೆ ಮಾತು ಕೊಟ್ಟಿದ್ದೆ.

ನನ್ನ ಅಂಗಡಿ ತರೀಕೆರೆಯಲ್ಲಿದೆ. ಅಂಗಡಿ ಅನ್ನುವುದು ಈಚಿನ ಮಾತು. ಮೊದಲು ಬಸ್ ನಿಲ್ದಾಣದ ಎದುರು ಗೋಣಿಚೀಲ ಹಾಸಿ, ಒಂದು ಡಬ್ಬಿಯಲ್ಲಿ ಕರಿಮಣಿ, ಇನ್ನೊಂದರಲ್ಲಿ ಹವಳ, ಕಾಲಿನ ಹೆಬ್ಬೆರಳಿಗೆ ದಾರ ಸಿಕ್ಕಿಸಿಕೊಂಡು ಕೂರುತ್ತಿದ್ದೆ. ಕಡೂರು, ಅಜ್ಜಂಪುರ, ದೇವನೂರಿನ ಕಡೆಯ ಹೆಂಗಸರು ಬಸ್ಸಿಳಿದವರು ನೇರ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು ಕತ್ತು ಚಾಚುತ್ತಿದ್ದರು. ದಾರ ಸವೆದಿದೆಯೇ, ಗಂಟು ಸಡಿಲಾಗಿದೆಯೇ ನೋಡುವುದು ನನ್ನ ಕೆಲಸ. ವರ್ಷ ವರ್ಷ ಅದೇ ಕತ್ತುಗಳನ್ನು ನೋಡಿದವನು ನಾನು.

ನಮ್ಮ ಕಡೆ ತಾಳಿಯ ಅಕ್ಕಪಕ್ಕ ಹವಳ ಇರಲೇಬೇಕು. ಹಾಗೆಯೇ ಒಂದು ನಂಬಿಕೆ: ತೊಟ್ಟವಳ ಮೈಯಲ್ಲಿ ಸೌಖ್ಯ ಕೆಟ್ಟರೆ ಹವಳ ಬಿಳಿಚಿಕೊಳ್ಳುತ್ತದೆ. ಅತ್ತೆಯಂದಿರು ಸೊಸೆಯ ಹವಳವನ್ನು ಬೆಳಕಿಗೆ ಹಿಡಿದು ನೋಡುವುದನ್ನು ನಾನೇ ಕಂಡಿದ್ದೇನೆ. ನನ್ನ ಅನುಭವ ಹೇಳುವುದಾದರೆ, ಹವಳಕ್ಕೆ ರಕ್ತದ ಸುದ್ದಿ ಗೊತ್ತಾಗುವುದಿಲ್ಲ. ಜ್ವರದ ಬೆವರು, ಮೈಗೆ ಹಚ್ಚುವ ಮುಲಾಮು, ಹುಳಿ, ಸೋಪು ಇವು ಅದರ ಹೊಳಪನ್ನು ತಿನ್ನುತ್ತವೆ. ಆದರೆ ಇನ್ನೊಂದು ಮಾತೂ ನಿಜ. ಗಟ್ಟಿಮುಟ್ಟಾಗಿರುವ ಹೆಂಗಸು ಎಣ್ಣೆ ನೀರಿನ ದಿನ ತಾಳಿಗೂ ಒಂದು ಹನಿ ಕೊಬ್ಬರಿ ಎಣ್ಣೆ ಸವರುತ್ತಾಳೆ. ಮೈಯಲ್ಲಿ ಆಗದವಳು ಅದನ್ನು ಬಿಡುತ್ತಾಳೆ. ಆದ್ದರಿಂದ ಬಿಳಿಚಿದ ಹವಳ ಕಂಡರೆ ನಾನು ದರ ಹೇಳುವ ಮೊದಲು "ಮೈಯಲ್ಲಿ ಹುಷಾರಿದ್ದೀಯೇನವ್ವ" ಎಂದು ಕೇಳಿಬಿಡುತ್ತಿದ್ದೆ. ವ್ಯಾಪಾರಕ್ಕೂ ಒಳ್ಳೆಯದು, ಮನುಷ್ಯತ್ವಕ್ಕೂ ಒಳ್ಳೆಯದು.

ಅಕ್ಕನನ್ನು ಅಜ್ಜಂಪುರದ ಹತ್ತಿರದ ಹಳ್ಳಿಗೆ ಕೊಟ್ಟಿತ್ತು. ಭಾವನಿಗೆ ತೆಂಗಿನ ತೋಟ, ಸ್ವಲ್ಪ ಬೆದ್ದಲು. ಒಬ್ಬಳೇ ಮಗಳು. ಅವಳು ಮೀನುಗಾರಿಕೆ ಓದುತ್ತೇನೆಂದು ಮಂಗಳೂರಿಗೆ ಹೋದಾಗ ಮನೆಯಲ್ಲಿ ಮೀನನ್ನು ಕಣ್ಣೆತ್ತಿಯೂ ನೋಡದ ಜನ ನಾವು, ಮಠದ ಸ್ವಾಮಿಗಳಿಗೆ ಏನು ಹೇಳುವುದು ಎಂದು ಭಾವ ಒದ್ದಾಡಿದ. "ಅವಳೇನು ತಿನ್ನಾಕೆ ಹೋಗ್ತಾಳಾ, ನೋಡಾಕೆ ತಾನೆ" ಎಂದು ಅಕ್ಕ ಬಾಯಿ ಮುಚ್ಚಿಸಿದಳು. ಆಮೇಲೆ ಆ ಹುಡುಗಿ ಒಂದು ಸಂಶೋಧನಾ ತಂಡ ಸೇರಿ, ಮುರುಡೇಶ್ವರದಲ್ಲಿ ರೂಮು ಮಾಡಿಕೊಂಡು, ನೇತ್ರಾಣಿ ದ್ವೀಪದ ಸುತ್ತ ನೀರಿನೊಳಗೆ ಮುಳುಗಿ ಹವಳದ ದಿಬ್ಬಗಳ ಆರೋಗ್ಯ ನೋಡುವ ಕೆಲಸಕ್ಕೆ ನಿಂತಳು. ಊರಿನವರಿಗೆ ಅಕ್ಕ ಹೇಳುತ್ತಿದ್ದುದು ಒಂದೇ ಮಾತು: "ನನ್ ಮಗ್ಳು ಹವಳದ ಡಾಕ್ಟ್ರು."

ಬಾವಿಕಟ್ಟೆಯ ಹೆಂಗಸರು ಬಿಡುತ್ತಿದ್ದರೇ? "ಹಂಗಾದ್ರೆ ನಿಮ್ಮನೇಲಿ ಸೇರುಗಟ್ಲೆ ಇರ್ಬೇಕಲ್ಲೇ. ನಮ್ಗೂ ಒಂದ್ ಬೊಗಸೆ ತರ್ಸೇ."

"ತರ್ಸಿದ್ರೆ ನನ್ ತಮ್ಮ ಅಂಗ್ಡಿ ಮುಚ್ಬೇಕಾಯ್ತದೆ, ಸುಮ್ನಿರು" ಎನ್ನುತ್ತಿದ್ದಳು ಅಕ್ಕ.

ಹುಡುಗಿ ರಜೆಗೆ ಬಂದಾಗೊಮ್ಮೆ ನನ್ನ ಅಂಗಡಿಯಲ್ಲಿ ಕೂತು ಹವಳದ ತಟ್ಟೆಯನ್ನು ಬೆರಳಿನಿಂದ ಕದಡಿದಳು. "ಮಾವ, ನೀವು ಮಾರೋದು ಬೇರೆ ದೇಶದ ಹವಳದ ಎಲುಬು. ನಾನು ನೋಡೋದು ಜೀವ ಇರೋದು" ಎಂದಳು. ಆ ದಿಬ್ಬ ಕಲ್ಲಿನಂತೆ ಕಂಡರೂ ಸಣ್ಣ ಸಣ್ಣ ಜೀವಿಗಳ ಒಂದು ಊರು, ಅವುಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಬಾಡಿಗೆಗಿರುತ್ತದೆ, ಆ ಪಾಚಿಯೇ ಅವಕ್ಕೆ ಅನ್ನವನ್ನೂ ಬಣ್ಣವನ್ನೂ ಕೊಡುವುದು ಎಂದು ವಿವರಿಸಿದಳು. ನೀರು ಬಿಸಿಯಾದರೆ ಹವಳ ಆ ಪಾಚಿಯನ್ನು ಹೊರಗೆ ಹಾಕುತ್ತದಂತೆ. ಆಗ ಬಿಳಿಚಿಕೊಳ್ಳುತ್ತದೆ.

"ಅಂದ್ರೆ ಅಲ್ಲೂ ಹುಷಾರಿಲ್ದಾಗ ಬಿಳಿಚ್ತದೆ ಅನ್ನು" ಎಂದೆ.

"ಅಲ್ಲಿ ನಿಜವಾಗ್ಲೂ ಮಾವ. ನಿಮ್ಮದು ಬರೀ ಕತೆ."

ಚೀಲದಿಂದ ಒಂದು ಪ್ಲಾಸ್ಟಿಕ್ ಹಲಗೆ ತೆಗೆದು ತೋರಿಸಿದಳು. ಅಂಚಿನ ಸುತ್ತ ಕಂದು ಬಣ್ಣ ಗಾಢದಿಂದ ತಿಳಿಗೆ ಇಳಿದು ಕೊನೆಗೆ ಬಿಳಿಯಾಗುತ್ತಿತ್ತು. ನೀರಿನೊಳಗೆ ಅದನ್ನು ಹವಳದ ಪಕ್ಕ ಹಿಡಿದು ಯಾವ ಬಣ್ಣಕ್ಕೆ ಹೊಂದುತ್ತದೆಂದು ಗುರುತು ಹಾಕಿಕೊಳ್ಳುವುದಂತೆ. ಬಂಡೆಗೆ ಕಬ್ಬಿಣದ ಗೂಟ ಹೊಡೆದಿದ್ದಾರೆ, ಪೈಪಿನ ಚೌಕಟ್ಟನ್ನು ಪ್ರತಿಸಲವೂ ಅದೇ ಗೂಟದ ಮೇಲಿಟ್ಟು ಫೋಟೋ ತೆಗೆಯುತ್ತಾರೆ. ಜಾಗ ತಪ್ಪಕೂಡದು, ಕಾಲ ತಪ್ಪಕೂಡದು.

ನಾನು ವ್ಯಾಪಾರಿ. ಕೇಳಿಯೇಬಿಟ್ಟೆ. "ನೋಡಿದ್ಮೇಲೆ ಏನ್ ಮದ್ದು ಕೊಡ್ತೀರಿ?"

"ಮದ್ದಿಲ್ಲ ಮಾವ."

"ಮತ್ತೆ ಸಂಬಳ ಯಾತಕ್ಕೆ ಕೊಡ್ತಾರೆ?"

"ನೋಡೋದಕ್ಕೆ." ಅವಳು ನಕ್ಕಳು. ಆಮೇಲೆ ತಟ್ಟೆಯ ಹವಳವನ್ನು ಒಟ್ಟುಗೂಡಿಸುತ್ತಾ, "ಒಂದ್ ವರ್ಷ ನೋಡದೆ ಬಿಟ್ರೆ, ಯಾವಾಗ ಸತ್ತಿದ್ದು, ಏನಾಗಿ ಸತ್ತಿದ್ದು ಒಂದೂ ಗೊತ್ತಾಗಲ್ಲ. ದೋಣಿಯವರಿಗೆ ಇಲ್ಲಿ ಲಂಗರು ಹಾಕ್ಬೇಡಿ ಅಂತ ಹೇಳಕ್ಕೂ ಕೈಲಿ ಏನಾದ್ರೂ ಇರ್ಬೇಕಲ್ಲ" ಎಂದಳು. ಅಕ್ಕನೂ ಪಕ್ಕದಲ್ಲಿ ಕೂತು ಈ ಮಾತನ್ನು ಕೇಳಿಸಿಕೊಂಡಿದ್ದಳು.

ಆ ವರ್ಷ ಬೇಸಿಗೆ ಮಾರ್ಚಿನಲ್ಲೇ ಸುಡತೊಡಗಿತ್ತು. ಕಡೂರಿನ ಕಲ್ಯಾಣ ಮಂಟಪವೊಂದರಲ್ಲಿ ನಮ್ಮ ನೆಂಟರ ಮದುವೆ. ಊಟದ ಪಂಕ್ತಿಯಲ್ಲಿ ಅಕ್ಕನ ಪಕ್ಕ ಕೂತೆ. ಫ್ಯಾನಿನ ಗಾಳಿ ನಮ್ಮವರೆಗೆ ಬರುತ್ತಿರಲಿಲ್ಲ, ಅವಳ ಕತ್ತಿನಿಂದ ಬೆವರು ಇಳಿಯುತ್ತಿತ್ತು. ಆ ಬೆವರಿನ ಜೊತೆ ಕೆಂಪು ನೀರೂ ಇಳಿದು ರವಿಕೆಯ ಅಂಚಿಗೆ ಹತ್ತಿತ್ತು. ನೋಡಿದೆ. ತಾಳಿಯಲ್ಲಿ ಹೊಸ ಹವಳ. ಬಣ್ಣ ಕುಡಿಸಿದ್ದು. ನಾನೇ ಆರಿಸಿ ಪೋಣಿಸಿ ಕೊಟ್ಟಿದ್ದ ಹವಳಗಳು ಇರಲಿಲ್ಲ.

"ಇದನ್ನ ಎಲ್ಲಿ ತಗೊಂಡೆ?"

"ಬೀರೂರಲ್ಲಿ."

"ಎಷ್ಟು ಕೊಟ್ಟೆ?"

"ಅವ್ನು ಕೇಳಿದ್ದು ಕೊಟ್ಟೆ. ಉಣ್ಣು ಸುಮ್ನೆ."

ಸಂತೆಯಲ್ಲಿ ಒಂದು ಕಟ್ಟು ಕೊತ್ತಂಬರಿಗೆ ಮೂರು ಅಂಗಡಿ ಸುತ್ತುವ ಹೆಂಗಸು ಅವಳು. ಚೌಕಾಶಿ ಅನ್ನುವುದನ್ನು ನಾನು ಕಲಿತದ್ದೇ ಅವಳ ಸೆರಗು ಹಿಡಿದು ಓಡಾಡುವಾಗ. ಅಂಥವಳು ಅಂಗಡಿಯವನು ಕೇಳಿದ್ದನ್ನು ಕೊಟ್ಟು ಬಂದಳೆಂದರೆ, ಅದೂ ತಮ್ಮನ ಅಂಗಡಿ ಬಿಟ್ಟು ಬೇರೆ ಊರಿಗೆ ಹೋಗಿ ತಂದಳೆಂದರೆ, ವಿಷಯ ಹವಳದ್ದಲ್ಲ.

ಕೈ ತೊಳೆಯುವ ಜಾಗದಲ್ಲಿ ಹಿಡಿದು ನಿಲ್ಲಿಸಿದೆ. ಅವಳ ಮುಂಗೈ ಹಿಡಿದಾಗ ಬಳೆಗಳು ಮೊಣಕೈವರೆಗೆ ಜಾರಿದವು. ನಲ್ಲಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು. ಹೊಟ್ಟೆಯೊಳಗೆ ಗಡ್ಡೆ. ಶಿವಮೊಗ್ಗದಲ್ಲಿ ತೋರಿಸಿ ಆಗಿದೆ. ಕೊಯ್ಯುವ ಹಂತ ದಾಟಿದೆ ಎಂದಿದ್ದಾರೆ. ಭಾವನಿಗೆ ಗೊತ್ತು, ಇನ್ನು ಯಾರಿಗೂ ಗೊತ್ತಿಲ್ಲ.

"ಮಗೀಗೆ?"

"ಹೇಳಿಲ್ಲ. ನೀನೂ ಹೇಳ್ಬಾರ್ದು. ಸಮುದ್ರ ಈ ಸಲ ಕಾದ್ಹೋಗಿದ್ಯಂತೆ. ಎಲ್ಲಾ ಬಿಳಿಚ್ಕೊಳ್ತಾ ಐತಂತೆ. ಮಳೆ ಹಿಡಿಯೋದ್ರೊಳ್ಗೆ ಎಲ್ಲಾ ಗೂಟಾನೂ ನೋಡಿ ಮುಗ್ಸ್ಬೇಕಂತೆ. ಈಗ ಕರುದ್ರೆ ಬತ್ತಾಳೆ ಕಣೋ. ಬಂದ್ರೆ ಅದು ಹಾಳಾಯ್ತದೆ."

"ಹವಳ ಯಾಕೆ ಬದ್ಲಾಯಿಸ್ದೆ?"

"ಹೋದ್ಸಲ ಮಗ್ಳು ಬಂದಾಗ 'ಅಮ್ಮಾ, ನಿನ್ ಹವಳ ಬಿಳಿಚ್ಕೊಂಡಿದ್ಯಲ್ಲ' ಅಂದ್ಳು. ಅವ್ಳಿಗೆ ಅದೇ ಕಸುಬಲ್ವೇನೋ. ಕಂಡ್ಹಿಡ್ದ್ಬಿಡ್ತಾಳೆ."

ಇದು ನಮ್ಮ ಅಕ್ಕನಂಥವಳು ಮಾತ್ರ ಮಾಡಬಲ್ಲ ತಪ್ಪು. ಮಗಳು ಹವಳದ ಡಾಕ್ಟರು, ಆದ್ದರಿಂದ ಮುಚ್ಚಿಡಬೇಕಾದದ್ದು ಹವಳ. ಸಂಜೆ ಮಗಳು ವಿಡಿಯೋ ಕಾಲ್ ಮಾಡಿದಾಗ ಅಕ್ಕ ಫೋನನ್ನು ಕೆಳಗೆ ಹಿಡಿದು, ತಾಳಿ ಚೆನ್ನಾಗಿ ಕಾಣುವ ಹಾಗೆ ಸೆರಗು ಸರಿಸಿಕೊಂಡು ಮಾತಾಡುತ್ತಿದ್ದಳಂತೆ. ಕೆಂಪಗಿದೆ, ನೋಡಿಕೋ, ನಾನು ಚೆನ್ನಾಗಿದ್ದೇನೆ ಎಂಬ ಅರ್ಥದಲ್ಲಿ.

ನಾನು ಚೌಕಾಶಿಗೆ ಇಳಿದೆ. ಈಗಲೇ ಹೇಳೋಣ ಎಂದೆ. ಮಳೆ ಬಂದ ಮೇಲೆ ಎಂದಳು. ಹುಣ್ಣಿಮೆಯವರೆಗೆ ಕಾಯುತ್ತೇನೆ ಎಂದೆ. ಬಗ್ಗಲಿಲ್ಲ. ಕೊನೆಗೆ, "ಆಯ್ತು, ಫೋನಲ್ಲಂತೂ ಹೇಳಲ್ಲ" ಎಂದೆ. ಅವಳು ನನ್ನ ಮುಖ ನೋಡಿ, "ಹೂಂ, ಅಷ್ಟ್ ಮಾಡು" ಎಂದು ಒಪ್ಪಿಕೊಂಡಳು. ವೈಶಾಖದಲ್ಲಿ ನಾನು ಅಂಗಡಿ ಬಿಟ್ಟು ಕದಲುವುದಿಲ್ಲ ಎಂಬ ಲೆಕ್ಕದ ಮೇಲೆ ಒಪ್ಪಿದಳು. ನಮ್ಮ ಅಪ್ಪ ತೀರಿಕೊಂಡ ವೈಶಾಖದಲ್ಲೂ ಕರ್ಮ ಮುಗಿಸಿದ ಮಾರನೆಯ ದಿನವೇ ಅಂಗಡಿಯಲ್ಲಿ ಕೂತಿದ್ದವನು ನಾನು.

ಹೆಂಡತಿಯನ್ನು ಅಕ್ಕನ ಆರೈಕೆಗೆ ಕಳಿಸಿದೆ. ಅಂಗಡಿಗೆ ಬೀಗ ಹಾಕಿದೆ. ಶಿವಮೊಗ್ಗ, ಸಾಗರ, ಹೊನ್ನಾವರ, ಹೀಗೆ ಬಸ್ಸು ಬದಲಾಯಿಸುತ್ತಾ ಮುರುಡೇಶ್ವರ ಮುಟ್ಟಿದಾಗ ಸಂಜೆ. ದೋಣಿಗಳು ನಿಲ್ಲುವ ಕಡೆ ಅವಳು ಗಾಳಿಯ ಸಿಲಿಂಡರುಗಳನ್ನು ತೊಳೆಯುತ್ತಿದ್ದಳು. ಬಿಸಿಲಿಗೆ ಕಪ್ಪಾಗಿ, ಕೂದಲು ನಾರಾಗಿ, ಯಾವುದೋ ಬೆಸ್ತರ ಮನೆಯ ಹುಡುಗಿಯಂತೆ ಕಾಣುತ್ತಿದ್ದಳು. ನನ್ನನ್ನು ಕಂಡು ಮುಖ ಅರಳಿತು.

"ಮಾವ. ಇಲ್ಲೆಲ್ಲಿ? ಅಂಗಡಿ?"

"ಮುಚ್ಚಿದೀನಿ."

ಅವಳ ಕೈಯಲ್ಲಿದ್ದ ಪೈಪಿನಿಂದ ನೀರು ಸುಮ್ಮನೆ ಮರಳಿಗೆ ಸುರಿಯುತ್ತಿತ್ತು. ವೈಶಾಖ ಎಂದರೇನು ಎಂಬುದು ಅವಳಿಗೂ ಗೊತ್ತು, ಚಿಕ್ಕಂದಿನಲ್ಲಿ ಬೇಸಿಗೆ ರಜೆ ಪೂರ್ತಿ ನನ್ನ ಅಂಗಡಿಯಲ್ಲಿ ಕರಿಮಣಿ ಆರಿಸಿದವಳು.

"ಯಾರಿಗೆ?" ಎಂದಳು.

"ಅಮ್ಮಂಗೆ."

ಎಲ್ಲವನ್ನೂ ಹೇಳಿದೆ. ಅವಳು ಅಳಲಿಲ್ಲ. ನೀರು ನಿಲ್ಲಿಸಿ ಒಂದು ಡಬ್ಬದ ಮೇಲೆ ಕೂತಳು. "ಫೋನಲ್ಲಿ ಅಮ್ಮ ತಾಳಿನೇ ಹಿಡಿದು ಹಿಡಿದು ತೋರಿಸ್ತಿದ್ಳು ಮಾವ. ಬಣ್ಣ ನೋಡಿದ ತಕ್ಷಣ ಇದು ಅಸಲಿ ಅಲ್ಲ ಅಂತ ಗೊತ್ತಾಯ್ತು. ಪಾಪ, ಯಾರೋ ಮೋಸ ಮಾಡಿದಾರೆ, ಮಾವನ್ನ ಕೇಳ್ಬೇಕು ಅಂದ್ಕೊಂಡೆ. ಅದರ ಹಿಂದೆ ಕತ್ತಿನ ಮೂಳೆ ಎದ್ದು ಕಾಣ್ತಿತ್ತು, ಅದೂ ಕಣ್ಣಿಗೆ ಬಿದ್ದಿತ್ತು. ನಾನು ಹವಳಾನೇ ನೋಡ್ದೆ" ಎಂದಳು.

ನಾನು ಆ ರಾತ್ರಿಯ ಬಸ್ಸಿಗೇ ಹೊರಡೋಣವೆಂದೆ. ಅವಳು ತಲೆಯಾಡಿಸಿದಳು. "ಬೆಳಿಗ್ಗೆ ಒಂದೇ ಸಲ ಮುಳುಗ್ತೀನಿ. ಉಳಿದ ಗೂಟಗಳನ್ನ ತಂಡದವರು ನೋಡ್ತಾರೆ. ಆ ಪಡುವಣ ಮೂಲೆಯದು ನನಗೆ ಮಾತ್ರ ಸಿಕ್ಕೋದು. ಬರಿಗೈಲಿ ಹೋದ್ರೆ ಅಮ್ಮ ಮೊದಲು ಅದನ್ನೇ ಕೇಳ್ತಾಳೆ."

ಬೆಳಗಿನ ದೋಣಿಯಲ್ಲಿ ನಾನೂ ಹೋದೆ. ದ್ವೀಪದ ಹತ್ತಿರ ನೀರು ಗಾಜಿನಂತೆ ನಿಂತಿತ್ತು. ಕೈ ಅದ್ದಿದರೆ ಮಗುವಿಗೆ ಮೀಯಿಸುವ ನೀರಿನಷ್ಟು ಬಿಸುಪು. ದೋಣಿಯವನು ನನಗೆ ತೇಲುವ ಜಾಕೆಟ್ಟು ಹಾಕಿ, ಕಣ್ಣಿಗೆ ಗಾಜಿನ ಮುಖವಾಡ ಬಿಗಿದು, "ಏಣಿ ಹಿಡ್ಕಂಡೇ ಮುಖ ಮಾತ್ರ ಅದ್ದಿ ಮಾರಾಯ್ರೇ" ಎಂದ. ಅದ್ದಿದೆ. ಕೆಳಗೆಲ್ಲ ಬಿಳುಪು. ರಾಶಿ ರಾಶಿ ಮಲ್ಲಿಗೆ ಸುರಿದು ಮದುವೆ ಮಂಟಪ ಕಟ್ಟಿದಂತಿತ್ತು, ಅಷ್ಟು ಚೆಂದ. ನಡುವೆ ನೀಲಿ ಮೀನುಗಳು ಏನೂ ಆಗಿಲ್ಲವೆಂಬಂತೆ ಓಡಾಡುತ್ತಿದ್ದವು. ಆಳದಲ್ಲಿ ಅಕ್ಕನ ಮಗಳು ಒಂದು ಬಿಳಿ ದಿಬ್ಬದ ಮುಂದೆ ಮೊಣಕಾಲು ತಾಗಿಸದೆ ತೇಲುತ್ತಾ, ಬಣ್ಣದ ಹಲಗೆಯನ್ನು ಅದರ ಪಕ್ಕ ಹಿಡಿದಿದ್ದಳು. ಕೈ ಸ್ವಲ್ಪವೂ ಅಲುಗುತ್ತಿರಲಿಲ್ಲ.

ಮೇಲೆ ಬಂದವಳು ಮುಖವಾಡ ತೆಗೆದಾಗ ಕಣ್ಣು ಕೆಂಪಗಿದ್ದವು. ಉಪ್ಪು ನೀರಿಗೋ ಏನೋ.

"ಸತ್ತೋಗಿದ್ಯಾ?" ಎಂದೆ.

"ಇಲ್ಲ. ಬಿಳಿಚಿದ್ರೆ ಸತ್ತಂಗಲ್ಲ ಮಾವ. ಉಪವಾಸ ಇದೆ. ಬೇಗ ಮಳೆ ಬಂದು ನೀರು ತಣ್ಣಗಾದ್ರೆ ಪಾಚಿ ವಾಪಸ್ ಬರಬಹುದು. ತಡ ಆದ್ರೆ ಇಲ್ಲ."

ಅಜ್ಜಂಪುರಕ್ಕೆ ಬಂದಾಗ ಅಕ್ಕ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಮಗಳನ್ನು ನೋಡಿದಳು, ನನ್ನನ್ನು ನೋಡಿದಳು. ಬೈದದ್ದು ನನಗೆ. "ಅಂಗ್ಡಿ ಮುಚ್ಚಿದ್ಯೇನೋ, ಅಯೋಗ್ಯ. ಈ ತಿಂಗ್ಳು ಮುಚ್ತಾರೇನೋ ಯಾರಾದ್ರೂ."

"ನೀನು ಬೀರೂರಲ್ಲಿ ಅವ್ನು ಕೇಳಿದ್ ದರ ಕೊಟ್ಯಲ್ಲ, ಅದಕ್ಕೆ ಅಂಗ್ಡಿ ಮೇಲೆ ಬೇಜಾರು ಬಂದ್ಬಿಡ್ತು" ಎಂದೆ. ಅವಳು ನಗಲು ಹೋಗಿ ಹೊಟ್ಟೆ ಹಿಡಿದುಕೊಂಡಳು.

ಮಗಳು ಬಿಸಿನೀರು, ಬಟ್ಟೆ ತಂದು ತಾಯಿಯ ಕತ್ತು ಒರೆಸಿದಳು. ಬಟ್ಟೆ ಕೆಂಪಾಯಿತು. ಎರಡು ಸಲ ಹಿಂಡಿ ಒರೆಸಿದ ಮೇಲೆ ನಿಜವಾದ ಮೈಬಣ್ಣ ಕಂಡಿತು, ಹಳೆಯ ಮೇಣದಂತೆ. ಅಕ್ಕ ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ನೋಡ್ಕಂಡು ಬಂದ್ಯಾ?"

"ನೋಡ್ದೆ."

"ಹೆಂಗೈತೆ?"

ಸುಳ್ಳು ಹೇಳುತ್ತಾಳೇನೋ ಎಂದುಕೊಂಡೆ. ನಾನಾಗಿದ್ದರೆ ಹೇಳುತ್ತಿದ್ದೆ. "ಪೂರ್ತಿ ಬಿಳಿಚಿದೆ ಅಮ್ಮ" ಎಂದಳು. "ಆದ್ರೆ ಇನ್ನೂ ಇದೆ."

ಅಕ್ಕ ಹೂಂಗುಟ್ಟಿದಳು. ಆಮೇಲೆ ತಾಯಿ ಮಗಳಿಬ್ಬರೂ ಒಬ್ಬರಿಗೊಬ್ಬರು ಏನನ್ನೂ ಮುಚ್ಚಿಡಲಿಲ್ಲ. ಎಷ್ಟು ತಿಂದೆ, ಎಲ್ಲಿ ನೋವು, ಎಷ್ಟು ಹೊತ್ತು ನಿದ್ದೆ, ಎಲ್ಲವನ್ನೂ ಆ ಹುಡುಗಿ ದಿನಾ ಕೇಳಿ ತಿಳಿದುಕೊಳ್ಳುತ್ತಿದ್ದಳು. ನೋವಿನ ಔಷಧಿಯನ್ನು ಡಾಕ್ಟರು ಹೆಚ್ಚಿಸಿದ್ದು ಅವಳು ಹೇಳಿದ ಮಾತಿನ ಮೇಲೇ. ಅಕ್ಕ ತಿರುಗಿ ಕೇಳುತ್ತಿದ್ದುದು ಒಂದೇ: "ಅಲ್ಲಿ ಮಳೆ ಆಯ್ತಂತಾ?" ಮಗಳು ತಂಡದವರಿಗೆ ಫೋನು ಹಚ್ಚಿ, ಉತ್ತರವನ್ನು ಹೇಗಿದೆಯೋ ಹಾಗೆ ಒಪ್ಪಿಸುತ್ತಿದ್ದಳು. ವೈಶಾಖ ಮುಗಿಯುವವರೆಗೆ ನಾನೂ ಅಂಗಡಿ ತೆಗೆಯದೆ ಅಲ್ಲೇ ಉಳಿದೆ. ಮಳೆ ತಡವಾಗಿಯೇ ಬಂತು.

ಆಷಾಢದಲ್ಲಿ ಅಕ್ಕ ಹೋದಳು. ತೋಟದ ಮೂಲೆಯಲ್ಲಿ ಮಣ್ಣು ಮಾಡಿದೆವು. ಮಣ್ಣು ಹಸಿಯಾಗಿ ಗುದ್ದಲಿಗೆ ಅಂಟುತ್ತಿತ್ತು. ಭಾವ ಒಂದು ತೆಂಗಿನ ಬುಡಕ್ಕೆ ಕೈ ಕೊಟ್ಟು ನಿಂತಿದ್ದವನು ಜನ ಹೋದ ಮೇಲೂ ಹಾಗೆಯೇ ನಿಂತಿದ್ದ.

ಸಮುದ್ರ ತಿಳಿಯಾದ ಮೇಲೆ, ದಸರೆಯ ಹೊತ್ತಿಗೆ, ಹುಡುಗಿ ಕೆಲಸಕ್ಕೆ ಮರಳಿದಳು. ಮೊದಲ ಸಲ ಮುಳುಗಿ ಎದ್ದ ದಿನವೇ ನನಗೆ ಫೋನು ಮಾಡಿದಳು. ಪಡುವಣ ಮೂಲೆಯ ದೊಡ್ಡ ದಿಬ್ಬದ ಮೇಲೆ ಹಸಿರು ಪಾಚಿ, ಒಳಗೆ ಬಾಡಿಗೆಗಿರುವುದಲ್ಲ, ಸತ್ತದ್ದರ ಮೇಲೆ ಬೆಳೆಯುವುದು, ಬಟ್ಟೆ ಹೊದೆಸಿದಂತೆ ಕೂತಿದೆಯಂತೆ. ಅದು ಮುಗಿಯಿತು. ಅದರ ನೆರಳಿನಲ್ಲಿದ್ದ ಒಂದೆರಡು ಚಿಕ್ಕವು ಮಾತ್ರ ಕಂದು ಬಣ್ಣಕ್ಕೆ ತಿರುಗಿವೆ. "ಒಂದೆರಡು ಉಳಿದಿವೆ ಮಾವ" ಎಂದಳು. ಸ್ವಲ್ಪ ತಡೆದು, "ಇದನ್ನ ಯಾರಿಗೆ ಹೇಳ್ಬೇಕು ಅಂತ ಗೊತ್ತಾಗ್ಲಿಲ್ಲ. ನಿಮಗೆ ಮಾಡ್ದೆ" ಎಂದಳು. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಕೈಯಲ್ಲಿದ್ದ ದಾರವನ್ನು ಕೆಳಗಿಟ್ಟು, ಫೋನು ಹಿಡಿದುಕೊಂಡೇ ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತೆ.

ಈಗ ನಿಮಗೆ ಹೇಳುವುದಿಷ್ಟು, ಕೇಳಿಸಿಕೊಳ್ಳಿ. ಸಮುದ್ರಕ್ಕೆ ಹೋದರೆ ಹವಳದ ಮೇಲೆ ಕಾಲಿಡಬೇಡಿ, ದೋಣಿಯವನು ಲಂಗರನ್ನು ಅದರ ಮೇಲೆ ಹಾಕಲು ಹೊರಟರೆ ಮರಳಿನ ಕಡೆ ಹಾಕು ಎಂದು ಹೇಳಿ. ದಡದಲ್ಲಿ ಬಿಳಿ ತುಂಡು ಮಾರಲು ಬಂದವರ ಹತ್ತಿರ ಚೌಕಾಶಿಗೂ ನಿಲ್ಲಬೇಡಿ. ಒಡವೆಗೆ ಹವಳ ಕೊಳ್ಳಲೇಬೇಕಾದರೆ ಉಗುರುಬಣ್ಣ ಅಳಿಸುವ ದ್ರವವನ್ನು ಹತ್ತಿಗೆ ಹಾಕಿ ಉಜ್ಜಿ ನೋಡಿ, ಕೆಂಪು ಬಿಟ್ಟರೆ ಎದ್ದು ಬನ್ನಿ.

ಮನೆಯವರ ವಿಷಯ ಬೇರೆ. "ಚೆನ್ನಾಗಿದ್ದೀಯಾ" ಎಂದು ಫೋನಿನಲ್ಲಿ ಕೇಳಿದರೆ "ಚೆನ್ನಾಗಿದ್ದೀನಿ" ಎಂದೇ ಬರುತ್ತದೆ, ಆ ಪ್ರಶ್ನೆಯನ್ನು ಬಿಡಿ. ಬೆಳಿಗ್ಗೆ ಏನು ತಿಂದೆ, ಎಷ್ಟು ಉಳಿಸಿದೆ, ಬಾವಿಯವರೆಗೆ ನಡೆದೆಯಾ ಎಂದು ಕೇಳಿ. ಹಬ್ಬಕ್ಕೆ ಹೋಗಿ ನೋಡಿದರೆ ಪ್ರಯೋಜನವಿಲ್ಲ, ಹಬ್ಬದ ದಿನ ಎಲ್ಲರೂ ಗಟ್ಟಿಯಾಗಿರುತ್ತಾರೆ. ಸುಮ್ಮನೆ ಒಂದು ವಾರದ ದಿನ, ಹೇಳದೆ, ಊಟದ ಹೊತ್ತಿಗೆ ಹೋಗಿ ಎದುರಿಗೆ ಕೂತು ಉಣ್ಣಿ. ಆಸ್ಪತ್ರೆಯ ಕಾಗದಗಳಿದ್ದರೆ ಕೇಳಿ ತೆಗೆಸಿಕೊಂಡು ಫೋಟೋ ಹೊಡೆದುಕೊಳ್ಳಿ. ಹೋಗಬೇಕೆಂದು ಮನಸ್ಸಿಗೆ ಬಂದ ದಿನವೇ ಹೋಗಿ, ಸೀಸನ್ ಮುಗಿಯಲೆಂದು ಕಾಯಬೇಡಿ. ಗಿರಾಕಿ ಹೋದರೆ ಇನ್ನೊಬ್ಬ ಬರುತ್ತಾನೆ. ಶಟರ್ ಮೇಲೆ ಒಂದು ಚೀಟಿ ಅಂಟಿಸಿ, ಬೀಗವನ್ನು ಎಳೆದು ನೋಡಿ, ಬಸ್ಸು ಹತ್ತಿ.